ಕಾಲು ಮೊದಲು, ಕೋಲು ಆಮೇಲೆ

ತಂಗಿ, ಅಕ್ಕಾ ಅಂತ ಕರೆದು ಕೇಳಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಮೈಸೂರಿನ ಸರಸ್ವತಿಪುರಂನ ಮನೆ ಬಿಟ್ಟು ಅಮೆರಿಕದ ಡಲ್ಲಾಸ್ ಹತ್ತಿರ ಬಂದು ಐದು ತಿಂಗಳಾಯಿತು ಅಂದೆ. ಅಲ್ಲಿನ ಮಕ್ಕಳ ಜೊತೆ ಬೆರೆಯಲಿ ಅಂತ 10 ವರ್ಷದ ಮಗಳನ್ನು ಬೇಸ್‌ಬಾಲ್ ತರಹದ ಸಾಫ್ಟ್‌ಬಾಲ್ ಆಟಕ್ಕೆ ಸೇರಿಸಿದ್ದೀರಿ. ಒಂದು ಚೆಂಡೂ ಬ್ಯಾಟಿಗೆ ತಾಕುತ್ತಿಲ್ಲ, ಮನೆಗೆ ಬರುವ ದಾರಿಯಲ್ಲಿ ಅಳುತ್ತಾಳೆ. ಅವರಪ್ಪ ಹೇಳುವುದು ಒಂದು, ಕೋಚ್ ಹೇಳುವುದು ಇನ್ನೊಂದು. ಬಿಡಿಸಿಬಿಡಲಾ ಅಂತ ನಿನ್ನ ಪ್ರಶ್ನೆ.

ಬಿಡಿಸಬೇಡ. ನಾನು ಓಹಾಯೋಗೆ ಹೋಗಿ 16 ವರ್ಷವಾಯಿತು, ನನ್ನ ಮಗಳಿಗೆ ಈಗ 13. ಈ ಆಟಕ್ಕೆ ಸೇರಿದ ಮೊದಲ ವರ್ಷ ಅವಳೂ ಹೀಗೇ ಅಳುತ್ತಿದ್ದಳು. ಆ ಊರಿನಲ್ಲಿ ನಮಗೆ ನಾಲ್ಕು ಜನರ ಪರಿಚಯವಾಗಿದ್ದೇ ಆ ಮೈದಾನದ ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಾಗ. ಈಗ ರಜೆಗೆ ಮಂಡ್ಯಕ್ಕೆ, ಅಮ್ಮನ ಮನೆಗೆ ಬಂದಿದ್ದೇವೆ. ಅಲ್ಲಿ ಸುಡು ಬೇಸಿಗೆ, ಇಲ್ಲಿ ಆಷಾಢದ ಜಿಟಿಜಿಟಿ ಮಳೆ. ಮಳೆ ನಿಂತ ಕೂಡಲೇ ಮಗಳು ಬ್ಯಾಟ್ ಹಿಡಿದು ಅಂಗಳಕ್ಕೆ ಇಳಿಯುತ್ತಾಳೆ.

ಮೊದಲು ನಿನ್ನ ಯಜಮಾನರ ಮಾತು. ಬ್ಯಾಟ್ ನೇರ ಇರಲಿ, ಮೊಣಕೈ ಮೇಲಿರಲಿ ಅಂತ ಅವರು ಹೇಳುವುದು ಕ್ರಿಕೆಟ್‌ಗೆ ಸರಿ. ಅಲ್ಲಿ ಚೆಂಡು ನೆಲಕ್ಕೆ ಬಿದ್ದು ಪುಟಿಯುತ್ತೆ, ಬ್ಯಾಟಿನ ಮುಖ ಚಪ್ಪಟೆ. ಸಾಫ್ಟ್‌ಬಾಲ್‌ನಲ್ಲಿ ಚೆಂಡು ನೆಲ ಮುಟ್ಟದೆ ಗಾಳಿಯಲ್ಲೇ ಬರುತ್ತೆ, ಬ್ಯಾಟ್ ದುಂಡಗಿರುತ್ತೆ. ಪಿಚರ್, ಅಂದರೆ ಚೆಂಡು ಎಸೆಯುವವಳು, ತೋಳನ್ನು ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರದಿಂದ ಚೆಂಡು ಬಿಡುತ್ತಾಳೆ. ಹಿಂದಕ್ಕೆ ತಟ್ಟಿ ಓಡುವುದು ಇಲ್ಲಿಲ್ಲ, ಅದು ಫೌಲ್. ಹಾಗಾಗಿ ಬ್ಯಾಟ್ ಅಡ್ಡಡ್ಡ ಬರಬೇಕು, ಚೆಂಡು ಬರುವ ದಾರಿಗೆ ಎದುರಾಗಿ, ಸ್ವಲ್ಪವೇ ಮೇಲ್ಮುಖವಾಗಿ. ಇದನ್ನು ಅವರಿಗೆ ಕೂರಿಸಿ ಹೇಳು. ಮಗುವಿಗೆ ಇಬ್ಬರು ಗುರುಗಳು ಎರಡು ದಾರಿ ತೋರಿಸಿದರೆ ಅವಳು ಮಧ್ಯದಲ್ಲೇ ನಿಂತುಬಿಡುತ್ತಾಳೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಅವಳ ವಯಸ್ಸಿನ ಗುಂಪಿನಲ್ಲಿ ಪಿಚರ್ ನಿಲ್ಲುವುದು 35 ಅಡಿ ದೂರದಲ್ಲಿ. ಚೆಂಡು ಗಂಟೆಗೆ 40 ಮೈಲಿ ವೇಗದಲ್ಲಿ ಬಂದರೆ ಆ ದೂರ ದಾಟಲು ಸುಮಾರು 0.6 ಸೆಕೆಂಡ್ ಸಾಕು. ಅಷ್ಟರಲ್ಲಿ ಚೆಂಡು ನೋಡಬೇಕು, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಬೇಕು, ಬ್ಯಾಟ್ ಬೀಸಬೇಕು. ಚೆಂಡು ಕೈಬಿಟ್ಟ ಮೇಲೆ ತಯಾರಿ ಶುರು ಮಾಡಿದರೆ ಹೊತ್ತು ಮೀರಿರುತ್ತೆ. ಎಷ್ಟು ಚೆನ್ನಾಗಿ ಬೀಸಿದರೂ ಗಾಳಿಗೇ.

ಇದು ನನಗೆ ಬಾಯಲ್ಲಿ ಗೊತ್ತಿತ್ತು, ಮಗಳಿಗೆ ಮುಟ್ಟಿಸಲು ಬರುತ್ತಿರಲಿಲ್ಲ. ಮುಟ್ಟಿಸಿದ್ದು ನಮ್ಮಮ್ಮ. ಮೂರು ವರ್ಷದ ಹಿಂದೆ ಇದೇ ಅಂಗಳ. ನಮ್ಮಣ್ಣನ ಮಗ ಕಾಲುಚೀಲ ಸುತ್ತಿದ ಉಂಡೆ ಎಸೆಯುತ್ತಿದ್ದ, ಇವಳು ಒಂದಾದ ಮೇಲೆ ಒಂದು ಬಿಡುತ್ತಿದ್ದಳು. ಅಮ್ಮ ಜಗಲಿ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದವರು, ಮೊರ ಕೆಳಗಿಟ್ಟರು. "ಇವಳ ಕಾಲೂ ಕೋಲೂ ಒಟ್ಟಿಗೇ ಬೀಳ್ತವಲ್ಲೇ. ಕಾಲು ಮೊದಲು, ಕೋಲು ಆಮೇಲೆ ಅಲ್ವಾ?" ಅಮ್ಮ ಹರೆಯದಲ್ಲಿ ಹಬ್ಬದ ಕೋಲಾಟದಲ್ಲಿ ಕುಣಿದವರು. ಎರಡು ಕೋಲು ತರಿಸಿ ಮೊಮ್ಮಗಳನ್ನು ಎದುರು ನಿಲ್ಲಿಸಿಕೊಂಡರು. ಕೋಲಾಟದಲ್ಲಿ ಎದುರಿನವರ ಕೋಲು ಬರುವುದಕ್ಕೆ ಮೊದಲೇ ನಿನ್ನ ಹೆಜ್ಜೆ ನೆಲಕ್ಕೆ ಊರಿರುತ್ತೆ. ಹೆಜ್ಜೆ ಊರಿದ ಮೇಲೆ ಸೊಂಟ ತಿರುಗುತ್ತೆ, ಕೈ ಕೊನೆಯಲ್ಲಿ ಬರುತ್ತೆ. ಹತ್ತು ನಿಮಿಷ ತಾಳ ಹಾಕಿಸಿದರು. ಆಮೇಲೆ ಎಸೆದ ಉಂಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟಿಗೆ ಸಿಕ್ಕವು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಸಾಫ್ಟ್‌ಬಾಲ್‌ಗೆ ಇದನ್ನು ಹೀಗೆ ಹೊಂದಿಸು. ಪಿಚರ್ ತೋಳು ಮೇಲಕ್ಕೆ ಏಳುತ್ತಿದ್ದ ಹಾಗೆ ಮಗಳು ಮೈಭಾರವನ್ನು ಹಿಂದಿನ ಕಾಲಿಗೆ ತರಲಿ, ಕೈ ಸ್ವಲ್ಪ ಹಿಂದೆ ಸರಿಯಲಿ. ಆ ತೋಳು ಸುತ್ತಿ ಸೊಂಟದ ಹತ್ತಿರ ಬಂದು ಚೆಂಡು ಬಿಡುವ ಹೊತ್ತಿಗೆ ಮುಂದಿನ ಪಾದ ಮೆತ್ತಗೆ ನೆಲಕ್ಕೆ ಇಳಿಯುತ್ತಿರಲಿ. ಚಿಕ್ಕ ಹೆಜ್ಜೆ ಸಾಕು, ತಲೆ ಅಲ್ಲಾಡಬಾರದು. ಚೆಂಡು ಬೇಡ ಅನಿಸಿದರೂ ಪಾದ ಇಳಿಯಲೇಬೇಕು. ಹೊಡೆಯುವುದನ್ನು ಬಿಡಬಹುದು, ತಯಾರಾಗುವುದನ್ನು ಬಿಡುವ ಹಾಗಿಲ್ಲ. ವೇಗದ ಚೆಂಡಾದರೂ ನಿಧಾನದ್ದಾದರೂ ಪಾದ ಊರುವುದು ಅದೇ ಹೊತ್ತಿಗೆ. ನಿಧಾನದ್ದು ಬಂದಾಗ ಕೈ ಮಾತ್ರ ಕಾಯಬೇಕು.

ಕಾಯುವುದು ಹೇಗೆ ಅಂತ ಅವಳಪ್ಪನನ್ನು ಕೇಳು. ಮೈಸೂರಿನ ಬೀದಿಯಲ್ಲಿ ಚಿನ್ನಿದಾಂಡು ಆಡಿರುತ್ತಾರೆ. ಚಿನ್ನಿಯ ತುದಿ ತಟ್ಟಿ ಎಬ್ಬಿಸಿ, ಅದು ಗಾಳಿಯಲ್ಲಿ ಸರಿಯಾದ ಎತ್ತರಕ್ಕೆ ಬರುವ ತನಕ ದಾಂಡು ತಡೆದು ಹಿಡಿಯುತ್ತಿದ್ದೆವಲ್ಲ, ಅದೇ ತಾಳ್ಮೆ. ಕ್ರಿಕೆಟ್ ಬದಲು ಅದನ್ನು ಕಲಿಸಲಿ, ಅಪ್ಪ ಮಗಳಿಬ್ಬರಿಗೂ ಖುಷಿಯಾಗುತ್ತೆ.

ಬ್ಯಾಟ್ ಎಂಥದು ಅಂತ ನೀನು ಬರೆದಿಲ್ಲ. ನಾನು ಮಾಡಿದ ತಪ್ಪು ನೀನು ಮಾಡಬೇಡ. ಬೆಳೆಯುವ ಮಗು, ಎರಡು ವರ್ಷ ಬರಲಿ ಅಂತ ಶಾಲೆ ಯೂನಿಫಾರ್ಮ್ ತೆಗೆದ ಹಾಗೆ ಒಂದು ಸೈಜ್ ದೊಡ್ಡದು ತೆಗೆದೆ. ಆ ಭಾರಕ್ಕೆ ಅವಳ ಕೈ ಕೆಳಗೆ ಬೀಳುತ್ತಿತ್ತು, ಬೀಸುವುದು ತಡವಾಗುತ್ತಿತ್ತು. ನಾನು ಅವಳನ್ನೇ ಬೈಯುತ್ತಿದ್ದೆ. ಅದು ನೆನೆದರೆ ಈಗಲೂ ಸಂಕಟವಾಗುತ್ತೆ. ಬ್ಯಾಟನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ನೇರ ಚಾಚಿ ಹಿಡಿಯಲು ಹೇಳು. 20 ಎಣಿಸುವ ತನಕ ನಡುಗದಿದ್ದರೆ ಸರಿ. ನಡುಗಿದರೆ ಹಗುರದ್ದು ಬೇಕು. ಉದ್ದ 28 ಇಂಚು, ತೂಕ 17 ಔನ್ಸ್ ಇದ್ದರೆ ಅಂಗಡಿಯಲ್ಲಿ ಅದನ್ನು ಮೈನಸ್ 11 ಅನ್ನುತ್ತಾರೆ. ಉದ್ದಕ್ಕೂ ತೂಕಕ್ಕೂ ಇರುವ ವ್ಯತ್ಯಾಸ ಅಷ್ಟೇ. ಫಾಸ್ಟ್‌ಪಿಚ್, ಅಂದರೆ ಹೀಗೆ ವೇಗವಾಗಿ ಎಸೆಯುವ ಸಾಫ್ಟ್‌ಬಾಲಿನ ಬ್ಯಾಟೇ ಕೇಳಿ ತಗೋ, ಬೇಸ್‌ಬಾಲಿನದು ಬೇರೆ. ಹಿಡಿಯುವಾಗ ಅಂಗೈಯೊಳಗೆ ಅದುಮದೆ ಬೆರಳುಗಳಲ್ಲಿ ಹಿಡಿಯಲಿ. ಬಾಗಿಲು ತಟ್ಟುವಾಗ ತಾಕುವ ಗೆಣ್ಣುಗಳು ಎರಡೂ ಕೈಯಲ್ಲಿ ಒಂದೇ ಸಾಲಿಗೆ ಬಂದರೆ ಹಿಡಿತ ಸರಿ ಇದೆ.

ಮನೆಯ ಅಭ್ಯಾಸಕ್ಕೆ ಜಾಸ್ತಿ ಖರ್ಚಿಲ್ಲ. ಒಂದು ಟೀ ತಗೋ, ಅಂದರೆ ಚೆಂಡು ಇಡುವ ಕಂಬ. ಅದನ್ನು ಮುಂದಿನ ಪಾದದ ನೇರಕ್ಕೆ ಇಡು, ಹೊಟ್ಟೆಯ ಮುಂದೆ ಇಡಬೇಡ. ಮೈ ಹತ್ತಿರದ ಚೆಂಡಿಗೆ ಇನ್ನೂ ಸ್ವಲ್ಪ ಮುಂದೆ, ದೂರದ ಚೆಂಡಿಗೆ ಸ್ವಲ್ಪ ಹಿಂದೆ. ಇಲ್ಲಿ ನಾವು ಬಟ್ಟೆ ಒಣಗಿಸುವ ತಂತಿಗೆ ಹಳೇ ಕಂಬಳಿ ಕಟ್ಟಿ ಅದಕ್ಕೆ ಹೊಡೆಸುತ್ತೇವೆ. ನೀನು ಗ್ಯಾರೇಜಿನಲ್ಲಿ ಮಾಡಬಹುದು. ದಿನಕ್ಕೆ 30 ಹೊಡೆತ ಸಾಕು, ಸುಸ್ತಾದ ಮೇಲೆ ಹೊಡೆದದ್ದು ಕೆಟ್ಟ ಅಭ್ಯಾಸವಾಗಿ ಕೂರುತ್ತೆ. ಆದರೆ ಟೀ ಮೇಲಿನ ಚೆಂಡು ನಿಂತಿರುತ್ತೆ, ಅದು ಟೈಮಿಂಗ್ ಕಲಿಸುವುದಿಲ್ಲ. ಅದಕ್ಕೆ ನೀನೇ ತೋಳು ಸುತ್ತಿಸಿ ಕಾಲುಚೀಲದ ಉಂಡೆ ಎಸೆ. ಒಂದು ಜೋರಾಗಿ, ಒಂದು ಮೆಲ್ಲಗೆ, ಹೇಳದೇ ಬದಲಿಸುತ್ತಿರು. ಕೆಲವು ಸಲ ಬ್ಯಾಟ್ ಬೀಸದೆ, ಪಾದ ಊರಿ, "ಹೊಡಿ" ಅಥವಾ "ಬಿಡು" ಅಂತ ಮಾತ್ರ ಕೂಗಲಿ. ಸುಮ್ನೆ ಆಟದ ಹಾಗೆ ಕಾಣುತ್ತೆ, ಕಣ್ಣು ಪಳಗುವುದು ಇದರಲ್ಲೇ. ನಿಜವಾದ ಚೆಂಡು ಹೆಸರಿಗೆ ಮಾತ್ರ ಸಾಫ್ಟ್, ಅದನ್ನು ಎಸೆಯುವಾಗ ಹೆಲ್ಮೆಟ್ ಇರಲಿ, ನಿನ್ನ ಮುಂದೆ ಬಲೆ ಇರಲಿ.

ಮನೆಗೆ ಬರುವಾಗ ಕಾರಿನಲ್ಲಿ ಬ್ಯಾಟಿಂಗ್ ಮಾತು ಬೇಡ. ಹಸಿವಾಯ್ತಾ ಕಂದ ಅಂತ ಕೇಳು, ಡಬ್ಬಿಯಲ್ಲಿ ನಿಪ್ಪಟ್ಟು ಇದ್ದರೆ ಕೈಗೆ ಕೊಡು. ದೊಡ್ಡವರ ಆಟದಲ್ಲೂ 10 ಸಲಕ್ಕೆ 3 ಸಲ ಹೊಡೆದರೆ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಮಿಕ್ಕ 7 ಸಲ ತಲೆ ಎತ್ತಿಕೊಂಡು ಬೆಂಚಿಗೆ ಬರುವುದನ್ನೂ ಕಲಿಯಬೇಕು. ಪರದೇಶದಲ್ಲಿ ಹೊಸ ಶಾಲೆ, ಹೊಸ ಮಾತು ಎಲ್ಲ ಎದುರಿಸುತ್ತಿರುವ ಮಗು, ಅವಳಿಗೆ ಅಮ್ಮನ ಪಕ್ಕದ ಸೀಟಿನಲ್ಲಾದರೂ ಪರೀಕ್ಷೆ ಇರಬಾರದು.

ಇನ್ನೊಂದು ಮಾತು. ಡಲ್ಲಾಸ್‌ನಿಂದ ಓಕ್ಲಹೋಮ ಸಿಟಿಗೆ ಕಾರಿನಲ್ಲಿ ಮೂರು ನಾಲ್ಕು ಗಂಟೆ. ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ ವರ್ಲ್ಡ್ ಸೀರೀಸ್ ನಡೆಯುವುದು ಅಲ್ಲೇ, ಮೇ ಕೊನೆ, ಜೂನ್ ಮೊದಲ ವಾರದ ಹೊತ್ತಿಗೆ. ಒಂದು ಸಲ ಕರೆದುಕೊಂಡು ಹೋಗು. ಚೆಂಡು ಎಲ್ಲಿಗೆ ಹೋಯಿತು ಅಂತ ನೋಡುವುದು ಬಿಟ್ಟು, ಬ್ಯಾಟರ್‌ಗಳ ಮುಂದಿನ ಪಾದವನ್ನೇ ನೋಡಲಿ.

ಈ ವಾರ ಅವಳ ಆಟದ ಒಂದು ವಿಡಿಯೋ ಕಳಿಸು. ಪಕ್ಕದಿಂದ, ಸ್ಲೋ ಮೋಷನ್‌ನಲ್ಲಿ, ಪಿಚರ್ ತೋಳೂ ನಿನ್ನ ಮಗಳ ಪಾದವೂ ಎರಡೂ ಕಾಣುವ ಹಾಗೆ ತೆಗಿ. ಅಮ್ಮನಿಗೂ ತೋರಿಸುತ್ತೇನೆ.