ಬೀಗದ ಗುರುತಿಗೆ ದುಡ್ಡು ಯಾಕೆ?

ಪ್ರಶ್ನೆ: ಜೇನುತುಪ್ಪ, ಮುರುಗಲು ಸಿಪ್ಪೆ ಮಾರುವ ನಮ್ಮ ಸೈಟ್ ತೆರೆದರೆ ‘ನಾಟ್ ಸೆಕ್ಯೂರ್’ ಅಂತ ಬರುತ್ತದೆ. ಸೈಟ್ ಮಾಡಿಕೊಟ್ಟವರು ಸೈಟಿಗೂ ಗಿರಾಕಿಗೂ ನಡುವಿನ ಮಾಹಿತಿಗೆ ಬೀಗ ಹಾಕುವ ಸರ್ಟಿಫಿಕೇಟ್‌ಗೆ ವರ್ಷಕ್ಕೆ 4,000 ರೂಪಾಯಿ ಕೇಳುತ್ತಿದ್ದಾರೆ. ಬಿಟ್ಟಿ ಸಿಗುವುದನ್ನು ನಂಬಬಹುದಾ? ಸರ್ವರ್‌ನಲ್ಲಿರುವುದು ಉಬುಂಟು (ಆಪರೇಟಿಂಗ್ ಸಿಸ್ಟಂ), ಎಂಜಿನ್‌ಎಕ್ಸ್ (ಸೈಟಿನ ಪುಟ ಕಳಿಸುವ ತಂತ್ರಾಂಶ).
– ಓದುಗರೊಬ್ಬರು, ಶಿರಸಿ

ಉತ್ತರ: ಕೊಡಬೇಡಿ ಮಾರಾಯ್ರೆ. ಅಮೆರಿಕದ ಲಾಭರಹಿತ ಸಂಸ್ಥೆಯೊಂದು ನಡೆಸುವ ‘ಲೆಟ್ಸ್ ಎನ್‌ಕ್ರಿಪ್ಟ್’ 2015ರಿಂದ ಬಿಟ್ಟಿಯಾಗಿಯೇ ಕೊಡುತ್ತಿದೆ. ಭದ್ರತೆಯಲ್ಲಿ ಗುಲಗಂಜಿಯಷ್ಟೂ ಕಮ್ಮಿಯಿಲ್ಲ. ಸರ್ಟಿಫಿಕೇಟ್ ತಂದುಕೊಡುವ ‘ಸರ್ಟ್‌ಬಾಟ್’ ತಂತ್ರಾಂಶವನ್ನು ಸರ್ವರ್‌ಗೆ ಹಾಕಿಕೊಂಡು ಓಡಿಸಿದರೆ ಇಮೇಲ್, ಡೊಮೇನ್ (ಸೈಟಿನ ಹೆಸರು) ಕೇಳುತ್ತದೆ, ಎಂಜಿನ್‌ಎಕ್ಸ್ ಸೆಟ್ಟಿಂಗ್ ಫೈಲನ್ನೂ ತಾನೇ ತಿದ್ದುತ್ತದೆ. ಸರ್ಟಿಫಿಕೇಟ್‌ನ ಅವಧಿ 90 ದಿನ. ನವೀಕರಣ ತಾನಾಗಿಯೇ ಆಗುತ್ತದೆ.

ಆಗುತ್ತದೆ ಅಂತ ನಾನೂ ನಂಬಿದ್ದೆ. ಭಾವನ ಮದುವೆ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಫೋನ್ ಬಂತು: ಸೈಟ್ ತೆರೆದರೆ ಎಚ್ಚರಿಕೆಯ ಪುಟ! ತಪ್ಪು ನನ್ನದೇ. ಸುರಕ್ಷತೆಯ ಉಮೇದಿನಲ್ಲಿ ಫೈರ್‌ವಾಲ್‌ನಲ್ಲಿ (ಸರ್ವರ್‌ನ ಕಾವಲುಗೋಡೆ) 80ನೇ ಪೋರ್ಟ್, ಅಂದರೆ ಬೀಗವಿಲ್ಲದ ಮಾಮೂಲಿ ಬಾಗಿಲನ್ನು ಮುಚ್ಚಿದ್ದೆ; ನವೀಕರಣವೇ ಆಗಿರಲಿಲ್ಲ. ಡೊಮೇನ್ ನಮ್ಮದೇ ಹೌದಾ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಬಂದು ನೋಡುವುದು ಆ ಬಾಗಿಲಿನಿಂದ. ಬೀಗವಿರುವ ಬಾಗಿಲಾದ 443ರ ಜೊತೆ ಅದನ್ನೂ ತೆರೆದಿಡಿ. ‘ಸರ್ಟ್‌ಬಾಟ್ ರಿನ್ಯೂ’ ಆದೇಶವನ್ನು ‘ಡ್ರೈ ರನ್’ (ಬರೀ ತಾಲೀಮು) ಸೇರಿಸಿ ಒಮ್ಮೆ ಪರೀಕ್ಷಿಸಿ. ಅವಧಿ ಮುಗಿಯುವ ಮುನ್ನ ಕಳಿಸುತ್ತಿದ್ದ ಇಮೇಲನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಹಾಕಿಕೊಳ್ಳಿ.