ಸೀರಿಯಲ್ಲು, ಸ್ಟ್ಯಾಂಡ್ ಅಪ್ಪು ಎರಡನ್ನೂ ನಂಬಿ ಕುಮಟಾದಿಂದ ಬೆಂಗಳೂರಿಗೆ ಹೋಗಬಹುದಾ?

ನೀವು ಕುಮಟಾದವರು, ಡಿಗ್ರಿ ಮುಗಿದಿದೆ, ಕಾಲೇಜಿನಲ್ಲಿ ಮಿಮಿಕ್ರಿ ಮಾಡಿ ಹೆಸರು ತಗೊಂಡಿದ್ದೀರಿ. ಈಗ ಸೀರಿಯಲ್ ನಟನೆ, ಸ್ಟ್ಯಾಂಡ್ ಅಪ್ ಕಾಮಿಡಿ ಎರಡನ್ನೂ ನಂಬಿ ಊರು ಬಿಡಬಹುದಾ ಅಂತ ಕೇಳಿದ್ದೀರಿ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಒಂಬತ್ತು ವರ್ಷದಿಂದ ಇವೆರಡನ್ನೇ ಮಾಡಿಕೊಂಡು ಬೆಂಗಳೂರಿನಲ್ಲಿದ್ದೇನೆ. ಬಿಡಬಹುದು. ಆದರೆ ಈ ವರ್ಷವೇ ಬೇಡ. ಯಾಕೆ ಅಂತ ಹೇಳ್ತೇನೆ.

ಮೊದಲು ಸೀರಿಯಲ್. ವಾರಕ್ಕೆ ಐದಾರು ದಿನ ಪ್ರಸಾರ ಆಗುವ ಧಾರಾವಾಹಿಯ ಒಂದೊಂದು ಎಪಿಸೋಡೂ ಸುಮಾರು 20ರಿಂದ 22 ನಿಮಿಷ ಇರುತ್ತದೆ. ಆ ವೇಗಕ್ಕೆ ಶೂಟಿಂಗ್ ಓಡಬೇಕಲ್ಲ, ಹಾಗಾಗಿ ಸೀನ್ ಪೇಪರ್ ಎಷ್ಟೋ ಸಲ ಅವತ್ತು ಬೆಳಿಗ್ಗೆಯೇ ಕೈಗೆ ಸಿಗೋದು. ಬಾಯಿಪಾಠ ಮಾಡೋಕೆ ಹೊತ್ತಿರುವುದಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಒಬ್ಬರು ನಿಂತು ಡೈಲಾಗ್ ಪ್ರಾಂಪ್ಟ್ ಮಾಡ್ತಾರೆ. ಕಿವಿ ಅವರ ಕಡೆ, ಕಣ್ಣು ಎದುರಿನ ಪಾತ್ರದ ಕಡೆ. ಇದು ಬಂದರೆ ಅರ್ಧ ಕೆಲಸ ಬಂದ ಹಾಗೆ. ನನಗೆ ಇದನ್ನು ಹೇಳಿಕೊಟ್ಟವರು ತಾಯಿ ಪಾತ್ರ ಮಾಡುತ್ತಿದ್ದ ಒಬ್ಬ ಹಿರಿಯ ನಟಿ. "ಸಾಲಿನ ಕೊನೆ ಕೇಳೋವರೆಗೂ ಮುಖದಲ್ಲಿ ಏನನ್ನೂ ತರಬೇಡಪ್ಪ" ಅಂದರು. ಅಪ್ಪ ಬಂದರೋ, ಬರಲಿಲ್ಲವೋ ಅನ್ನೋದು ಕನ್ನಡದಲ್ಲಿ ಕೊನೆಯ ಶಬ್ದದಲ್ಲೇ ಗೊತ್ತಾಗೋದು ಅಲ್ವಾ? ಅಷ್ಟರೊಳಗೆ ಹುಬ್ಬು ಏರಿಸಿದರೆ ಆ ಶಾಟ್ ಹೋಯ್ತು.

ದುಡ್ಡಿನ ಲೆಕ್ಕ ದಿನಕ್ಕೆ ಇಷ್ಟು ಅಂತ. ನಾಯಕನ ಗೆಳೆಯ, ಲಾಯರು, ಭಾವ ಇಂಥ ಪಾತ್ರ ಸಿಕ್ಕರೆ ತಿಂಗಳಿಗೆ ಆರೆಂಟು ದಿನ ಕೆಲಸ. ಮಾಡಿದ ಕೆಲಸದ ಹಣ ಬರೋಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ಕಡೆ ನನಗೆ 11 ದಿನದ ಹಣ ಕೊನೆಗೂ ಬರಲೇ ಇಲ್ಲ. ಕಥೆ ಬೇರೆ ಕಡೆ ತಿರುಗಿತು, "ನಿಮ್ಮ ಟ್ರ್ಯಾಕ್ ಮುಗೀತು ಸರ್" ಅಂತ ಒಂದು ಫೋನು ಬಂತು, ಅಷ್ಟೇ. ಕನಿಷ್ಠ ಆರು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡು ಬನ್ನಿ. ಆಡಿಷನ್ನಿಗೆ, ಪಾತ್ರ ಕೊಡಿಸೋಕೆ ಅಂತ ಯಾರು ದುಡ್ಡು ಕೇಳಿದರೂ ಒಂದು ರೂಪಾಯಿ ಕೊಡಬೇಡಿ. ನಿಜವಾಗಿ ಪಾತ್ರ ಇಟ್ಟುಕೊಂಡವರು ದುಡ್ಡು ಕೊಡ್ತಾರೆ, ಕೇಳೋದಿಲ್ಲ.

ಇನ್ನು ಸ್ಟ್ಯಾಂಡ್ ಅಪ್. ಇಲ್ಲಿ ಓಪನ್ ಮೈಕ್ ಅಂತ ನಡೆಯುತ್ತವೆ. ಹೊಸಬರಿಗೆ ನಾಲ್ಕೈದು ನಿಮಿಷ ಕೊಡ್ತಾರೆ. ಸಮಯ ಮುಗೀತಾ ಬಂತು ಅನ್ನೋಕೆ ಹಿಂದಿನಿಂದ ಮೊಬೈಲ್ ಟಾರ್ಚ್ ತೋರಿಸ್ತಾರೆ. ದುಡ್ಡು ಇಲ್ಲ. ಎಷ್ಟೋ ಸಲ ಎದುರಿಗೆ ಕೂತವರೆಲ್ಲ ತಮ್ಮ ಸರದಿಗೆ ಕಾಯುವ ಕಾಮಿಡಿಯನ್ನರೇ. ಅವರನ್ನು ನಗಿಸೋದು ಬಹಳ ಕಷ್ಟ.

ನನ್ನ ಒಂದು ಜೋಕಿನ ಕಥೆ ಸ್ವಲ್ಪ ಉದ್ದಕ್ಕೇ ಹೇಳ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅದೇ.

ನಮ್ಮ ಅಜ್ಜಿ ಸೀರಿಯಲ್ ನೋಡುವಾಗ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದಳು. ಒಂದು ರಾತ್ರಿ ಟಿವಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸಿದಳು. ಸೊಸೆ ಲೋಟ ಎತ್ತಿದಳು. ಅಜ್ಜಿ ಮೆಟಗತ್ತಿ ಬಿಟ್ಟು ಎದ್ದು ನಿಂತು ಕೂಗಿದಳು. ಬೆಂಗಳೂರಿನ ವೇದಿಕೆಯಲ್ಲಿ ಇದನ್ನು ಮೊದಲು ಹೇಳಿದಾಗ ಸೀರಿಯಲ್ಲಿನ ಕನ್ನಡದಲ್ಲೇ ಹೇಳಿದೆ, "ಕುಡೀಬೇಡ ಮಗಳೇ, ಅವಳು ಹಾಲಿಗೆ ಏನೋ ಹಾಕಿದ್ದಾಳೆ!" ಯಾರೂ ನಗಲಿಲ್ಲ. ನಾಲ್ಕು ಸಲ ಹೀಗೇ ಆಯಿತು. ಐದನೇ ಸಲ ಅಜ್ಜಿಯ ಬಾಯಲ್ಲಿ ಹೇಗೆ ಬಂದಿತ್ತೋ ಹಾಗೇ ಹೇಳಿಬಿಟ್ಟೆ. "ಕುಡಿಯಡ ಕೂಸೇ! ಅದು ಹಾಲಿಗೆ ಎಂತದೋ ಹಾಕಿದ್ದು!" ಇಡೀ ಕೋಣೆ ನಕ್ಕಿತು. ಅವತ್ತಿನಿಂದ ಎಲ್ಲವನ್ನೂ ಮನೆಭಾಷೆಯಲ್ಲೇ ಹೇಳೋಕೆ ಶುರು ಮಾಡಿದೆ. ಒಂದು ವರ್ಷ ಚೆನ್ನಾಗಿ ನಡೆಯಿತು.

ಆಮೇಲೆ ಶಿರಸಿಯಲ್ಲೇ ಒಂದು ಕಾರ್ಯಕ್ರಮ. ಸುಮಾರು 200 ಜನ, ಎಲ್ಲಾ ನಮ್ಮವರೇ. ಬೆಂಗಳೂರಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದ ಸಾಲುಗಳನ್ನು ಇಲ್ಲಿ ಸುಮ್ನೆ ಕೇಳುತ್ತಾ ಕೂತಿದ್ದರು. ಯಾಕೆ ನಗಬೇಕು? ಅವರು ಮನೆಯಲ್ಲಿ ಆಡುವುದೇ ಆ ಭಾಷೆ. ಬೆಂಗಳೂರಿನವರು ಅಷ್ಟು ದಿನ ಜಾಸ್ತಿ ನಕ್ಕಿದ್ದು ನಮ್ಮ ಮಾತಿನ ಧಾಟಿಗೆ, ನಾನು ಬರೆದದ್ದಕ್ಕಲ್ಲ ಅಂತ ಅಲ್ಲಿ ನಿಂತಾಗ ಗೊತ್ತಾಯಿತು. ಅಜ್ಜಿಯ ಜೋಕು ಮಾತ್ರ ಅಲ್ಲೂ ನಿಂತಿತು. ಕೂಗಿದ್ದಕ್ಕೆ ಅವರು ನಗಲಿಲ್ಲ. ಅದರ ಮುಂದಿನ ಭಾಗಕ್ಕೆ ನಕ್ಕರು. ಮರುದಿನ ಬೆಳಿಗ್ಗೆ ಅಮ್ಮ ಹಾಲಿನ ಲೋಟ ತಂದು ಕೊಟ್ಟಾಗ ಅಜ್ಜಿ ಮೊದಲು ಅಮ್ಮನ ಮುಖ ನೋಡಿ, ಆಮೇಲೆ ಲೋಟದೊಳಗೆ ಇಣುಕಿದ್ದಳು. ಬೆಂಗಳೂರಿನಲ್ಲಿ ಆ ಭಾಗವನ್ನು ಓಡಿಸಿ ಮುಗಿಸುತ್ತಿದ್ದೆ. ಶಿರಸಿಯಲ್ಲಿ ಆ ಇಣುಕುವ ಜಾಗದಲ್ಲಿ ನಿಂತೆ, ಲೋಟ ಹಿಡಿದ ಹಾಗೆ ಕೈ ಇಟ್ಟು ಸುಮ್ಮನಿದ್ದೆ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಲ್ಲಿಂದ ಮುಂದೆ ಯಾವ ಹೊಸ ಜೋಕು ಬರೆದರೂ ಊರಿನಲ್ಲಿ ಒಮ್ಮೆ ಹೇಳಿ ನೋಡದೆ ನಾನು ಟಿಕೆಟ್ ಇಟ್ಟ ಷೋಗೆ ಹಾಕುವುದಿಲ್ಲ.

ಅದಕ್ಕೇ ಈ ವರ್ಷ ಬೇಡ ಅಂದಿದ್ದು. ನಿಮ್ಮ ಸುತ್ತ ಇರೋದನ್ನು ನೀವು ಇನ್ನೂ ಪೂರ್ತಿ ನೋಡಿಲ್ಲ ಅನಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನಡೆಯುತ್ತದಲ್ಲ, ಅಲ್ಲಿ ಹೋಗಿ ಕೂರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಪಾತ್ರದ ಮಾತಾಡುವ ಅರ್ಥಧಾರಿ ಬರೆದಿಟ್ಟ ಮಾತಿಲ್ಲದೆ ಅಲ್ಲೇ ಅರ್ಥ ಕಟ್ಟುತ್ತಾನೆ. ಎದುರಿನವನು ಏನು ಕೇಳ್ತಾನೆ ಅಂತ ಅವನಿಗೆ ಮೊದಲೇ ಗೊತ್ತಿರುವುದಿಲ್ಲ. ವೇಷ ಕಟ್ಟಿ ಕುಣಿಯುವ ಬಯಲಾಟದಲ್ಲಾದರೆ ಹಾಸ್ಯಗಾರನನ್ನು ನೋಡಿ. ರಾಜನ ಎದುರು ದೂತನಾಗಿ ನಿಂತು, ನಗಿಸಿ, ಕಥೆಯ ದಾರಿ ತಪ್ಪಿಸದೆ ಮತ್ತೆ ರಾಜನ ಕೈಗೆ ರಂಗ ಒಪ್ಪಿಸಿ ಹೋಗ್ತಾನೆ. ಎಲ್ಲಿ ಮಾತು ನಿಲ್ಲಿಸಬೇಕು ಅನ್ನೋದನ್ನು ನಾನು ಕಲಿತದ್ದು ಅವರಿಂದ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆ ಹೊನ್ನಾವರ ತಾಲೂಕಿನ ಗುಣವಂತೆ. ನಿಮ್ಮ ಪಕ್ಕದ ತಾಲೂಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ನಾಟಕ ಕಂಪನಿಗಳು ಡೇರೆ ಹಾಕ್ತವೆ. ಒಂದೇ ನಾಟಕವನ್ನು ಮೂರು ರಾತ್ರಿ ನೋಡಿ. ಹಾಸ್ಯನಟ ಮೊದಲ ರಾತ್ರಿ ಎಲ್ಲಿ ನಿಂತ, ಮೂರನೇ ರಾತ್ರಿ ಎಲ್ಲಿ ನಿಂತ ಅಂತ ಬರೆದಿಟ್ಟುಕೊಳ್ಳಿ.

ನಟನೆ ಕ್ರಮವಾಗಿ ಕಲಿಯಬೇಕು ಅನಿಸಿದರೆ ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಅನ್ನೋ ರಂಗಸಂಸ್ಥೆ ಇದೆ. ಅದರ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಲ್ಲಿ ಕಲಿತವರು ಕನ್ನಡದ ಸಿನಿಮಾ, ಸೀರಿಯಲ್ ಎರಡರಲ್ಲೂ ಇದ್ದಾರೆ. ನಾನು ಅಲ್ಲಿ ಸೇರಲಿಲ್ಲ, ನೇರ ಬೆಂಗಳೂರು ಬಸ್ಸು ಹತ್ತಿದೆ. ಆ ವರ್ಷ ಅಲ್ಲಿ ಕಳೆದಿದ್ದರೆ ಧ್ವನಿ, ಉಸಿರು, ನಿಲುವು ಇವನ್ನು ಸೆಟ್ಟಿನಲ್ಲಿ ಬೈಸಿಕೊಂಡು ಕಲಿಯುವುದು ತಪ್ಪುತ್ತಿತ್ತು.

ಸೀರಿಯಲ್ಲಿನವರು ನಿಮ್ಮ ಕರಾವಳಿ ಧಾಟಿ ಬಿಡಿ ಅಂತಾರೆ, ಪಾತ್ರಕ್ಕೆ ಬೇಕಾದಷ್ಟು ಹೊತ್ತು ಬಿಡಿ. ಅದು ಕೆಲಸ. ಶೂಟಿಂಗ್ ಮುಗಿಸಿ ಕಾರಿನಲ್ಲಿ ಕೂತ ಮೇಲೆ ಮನೆಗೆ ಫೋನ್ ಮಾಡಿ ನಿಮ್ಮ ಭಾಷೆಯಲ್ಲೇ ಮಾತಾಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಅಮ್ಮ, ಅಕ್ಕ, ಮೀನು ಮಾರುವವರು, ಬಸ್ಸಿನ ಕಂಡಕ್ಟರು ಹೇಳಿದ ಸಾಲುಗಳನ್ನು ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಈ ಮಳೆಗಾಲದೊಳಗೆ ಐದು ನಿಮಿಷದ್ದು ಒಂದು ತಯಾರು ಮಾಡಿ. ಮಿಮಿಕ್ರಿ ಬೇಡ, ನಿಮ್ಮದೇ ಮಾತು. ಕುಮಟಾದಲ್ಲೇ ಹತ್ತು ಜನರ ಎದುರು ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎಲ್ಲಿ ನಕ್ಕರು ಅಂತ ಗುರುತು ಹಾಕಿ. ಆಮೇಲೆ ಇಲ್ಲೇ ಕೆಳಗೆ ಬರೆಯಿರಿ. ನಾನು ಓದ್ತೇನೆ.