ಹಂಚಿದ ಲೆಕ್ಕ ಒಂದೇ ಸಾಲ್ದು

ಆಡಳಿತ ಖರ್ಚು ಕಮ್ಮಿ ತೋರಿಸೋ ಪರಿಹಾರ ಸಂಸ್ಥೆಗೇ ದುಡ್ಡು ಕೊಡೋದು ಸರೀನಾ ಅಂತ ಕೇಳಿದ್ರಲ್ಲ, ಅದೊಂದನ್ನೇ ನಂಬ್ಕೋಬೇಡಿ ರೀ. ಹಂಚಿದ್ದು ಜನಕ್ಕೆ ಉಪಯೋಗ ಆಯ್ತಾ ಅಂತ ವಾಪಸ್ ಹೋಗಿ ನೋಡೋ ಖರ್ಚೂ ಎಷ್ಟೋ ಸಲ ಆ ಆಡಳಿತ ಖರ್ಚಲ್ಲೇ ಬರತ್ತೆ.

2004ರ ಸುನಾಮಿ ಆದ್ಮೇಲೆ ಸುಮಾರು ಸಂಸ್ಥೆಗಳು ಸೇರಿ, ನೆರವಿನ ಕೆಲಸ ಹೇಗಾಯ್ತು ಅಂತ ನೋಡೋಕೆ ಸುನಾಮಿ ಇವ್ಯಾಲ್ಯುಯೇಷನ್ ಕೊಯಲಿಷನ್ ಅಂತ ಒಂದು ಒಕ್ಕೂಟ ಮಾಡ್ಕೊಂಡು 2006ರಲ್ಲಿ ರಿಪೋರ್ಟ್ ಕೊಟ್ವು, ಅದ್ರಲ್ಲಿ ನಂಗೆ ತುಂಬಾ ನಾಟಿದ್ದು ಏನಂದ್ರೆ ಮೊದಲ ದಿನಗಳಲ್ಲಿ ಜೀವ ಉಳಿಸಿದ್ದು ಹೆಚ್ಚಾಗಿ ಅಲ್ಲಿನ ಜನಾನೇ, ಆದ್ರೆ ಆಮೇಲೆ ಹೊರಗಿಂದ ಬಂದವ್ರು ಎಷ್ಟೋ ಕಡೆ ಅವರನ್ನೇ ಪಕ್ಕಕ್ಕೆ ಸರಿಸಿಬಿಟ್ರು. ದೋಣಿ ವಿಷ್ಯ ತಗೊಳಿ. ಶ್ರೀಲಂಕಾದಲ್ಲಿ, ಇಂಡೋನೇಷ್ಯಾದ ಅಚೆ ಅನ್ನೋ ಪ್ರಾಂತ್ಯದಲ್ಲಿ ಸಿಕ್ಕಾಪಟ್ಟೆ ದೋಣಿ ಹಂಚಿದ್ರು, ಕೆಲವಂತೂ ಕಡಲಿಗಿಳಿಸೋಕೇ ಲಾಯಕ್ಕಿರ್ಲಿಲ್ಲ, ಮೀನುಗಾರರನ್ನ ಮೊದ್ಲೇ ಕೂರಿಸ್ಕೊಂಡು ಕೇಳಿದ್ರೆ ಇದು ತಪ್ತಿತ್ತು ಅಂತ ನಂಗನ್ಸುತ್ತೆ.

ನೀವು ದುಡ್ಡು ಕೊಡ್ಬೇಕು ಅಂತಿರೋ ಸಂಸ್ಥೆಗೆ ಒಂದು ಮೇಲ್ ಹಾಕಿ. ಹೊರಗಿನವ್ರಿಂದ ಮಾಡಿಸಿದ ಮೌಲ್ಯಮಾಪನದ ವರದಿ ಇದ್ಯಾ, ತಪ್ಪಾಗಿದ್ದೂ ಅದ್ರಲ್ಲಿ ಬರ್ದಿದಾರಾ, ನೆರವು ತಗೊಂಡವ್ರು ದೂರು ಕೊಟ್ರೆ ಯಾರು ಕೇಳ್ತಾರೆ, ಆಮೇಲೆ ಏನ್ ಬದಲಾಯ್ತು ಅಂತ ಕೇಳಿ. ತಪ್ಪನ್ನ ಬಿಚ್ಚಿ ಬರೆಯೋ ಸಂಸ್ಥೆ ಸಿಕ್ರೆ ನಾನಂತೂ ಅದಕ್ಕೇ ಕೊಡ್ತೀನಿ, ಆಡಳಿತ ಖರ್ಚು ಸ್ವಲ್ಪ ಜಾಸ್ತಿ ಇದ್ರೂ ಪರ್ವಾಗಿಲ್ಲ.